ಒಂದೇ ಹಾಸಿಗೆ, ಎರಡು ಪಾಳಿ

"ಏಯ್ ಪೆರ್ಲಿತಾ! ಎಲುಬಿನ ಮ್ಯಾಲೆ ಅಷ್ಟೊಂದು ಮಾಂಸ ಬಿಟ್ಟಿದ್ದೀಯಲ್ಲ, ಇದೇನ್ ನಿಮ್ಮಪ್ಪನ ಮನೆ ದನಾನಾ? ಮ್ಯಾನೇಜರ್ ಕಣ್ಣಿಗೆ ಬಿದ್ರೆ ನಿನ್ ತೊಡೇಲಿ ಕುಯ್ದು ಕೊಡು ಅಂತಾನೆ, ಗೊತ್ತಾಯ್ತಾ?"

ಮೇಸ್ತ್ರಿ ಡೇರಿಲ್ ಹೀಗೆ ಅರಚುತ್ತ ಹಿಂದಿನಿಂದ ಹಾದುಹೋದ. ಪೆರ್ಲಿತಾ ತಿರುಗಿ ನೋಡಲಿಲ್ಲ. ನೋಡುವಷ್ಟು ಪುರುಸೊತ್ತನ್ನು ಮಾಂಸದ ಕಾರ್ಖಾನೆಯ ಓಡುವ ಸರಪಳಿ ಯಾರಿಗೂ ಕೊಡುವುದಿಲ್ಲ. ಕೊಕ್ಕೆಗೆ ತೂಗುಬಿದ್ದ ಒಂದು ಮುಂಗಾಲು ಮುಂದೆ ಸರಿದರೆ ಹಿಂದೆಯೇ ಇನ್ನೊಂದು ಮುಖಕ್ಕೆ ಬರುತ್ತದೆ. ಮೂಗು ಸೋರಿದರೆ ಭುಜಕ್ಕೆ ತಿಕ್ಕಿಕೊಳ್ಳಬೇಕು.

"ಅವನ ಬಾಯಿಗೆ ಹುಳ ಬೀಳ," ಅಂದಳು ಪಕ್ಕದಲ್ಲಿ ಕತ್ತಿ ಆಡಿಸುತ್ತಿದ್ದ ಸುಡಾನಿನ ನ್ಯಾಬೋಲ್. "ಇವತ್ತು ಆ ವಕೀಲನ ಹತ್ರ ಹೋಗ್ತೀಯೇನಕ್ಕಾ?"

"ಹೋಗ್ದೆ ಏನ್ಮಾಡ್ಲಿ? ಕಟ್ಕೊಂಡ ಗಂಡನ್ನ ಕರಿಸ್ಕಳಕ್ಕೂ ದಲ್ಲಾಳಿ ಬೇಕಲ್ಲ."

ಅವಳ ಗಂಡ ನೊನಿತೊ ಇದೇ ಕಾರ್ಖಾನೆಯಲ್ಲಿ ಚರ್ಮ ಎಳೆಯುವ ಕಡೆ ಇದ್ದವನು. ಇಬ್ಬರೂ ಫಿಲಿಪೀನ್ಸಿನ ಇಲೊಯ್ಲೊ ಕಡೆಯವರು. ಕೆನಡಾದ ಆಲ್ಬರ್ಟಾ ಪ್ರಾಂತ್ಯದ ಈ ಗಾಳಿಯೂರಿಗೆ ಕೂಲಿಗಳಾಗಿ ಬಂದು, ಕಾಯಂ ವಾಸದ ಕಾರ್ಡು ಕೈಗೆ ಬಂದ ದಿನ ಕಾರ್ಖಾನೆಯವರಿಗೆಲ್ಲ ಹುರಿದ ಶ್ಯಾವಿಗೆ ಹಂಚಿದ್ದರು. ಆಮೇಲೊಂದು ದಿನ ತೊಗಲು ಎಳೆಯುವಾಗ ನೊನಿತೊನ ಬಲಭುಜ ಕಳಚಿತು. ಕಂಪನಿಯ ನರ್ಸಮ್ಮ ಒಂದು ಪೊಟ್ಟಣ ಮಂಜುಗಡ್ಡೆ ಕೊಟ್ಟಳು. ನೋವು ಹೋಗಲಿಲ್ಲ ಅಂದಾಗ ಇನ್ನೊಂದು ಪೊಟ್ಟಣ ಕೊಟ್ಟಳು. ಆ ಊರಿನಲ್ಲಿ ಮಂಜುಗಡ್ಡೆಗೇನು ಬರ! ಕಡೆಗೆ ಕೈ ಮೇಲೆತ್ತಲಾರದವನನ್ನು ಕಂಪನಿ ಒಳ್ಳೆಯ ಮಾತಾಡಿ ಮನೆಗೆ ಕಳಿಸಿತು. ಅವನು ಊರಿಗೆ, ತಾಯಿಯ ಹತ್ತಿರ ಹೋದ. ಅಲ್ಲಿ ಆಸ್ಪತ್ರೆಯಲ್ಲಿ ಭುಜ ಕೊಯ್ಸಿಕೊಂಡ, ಕೀವಾಯಿತು, ಮತ್ತೆ ಕೊಯ್ಸಿಕೊಂಡ. ಎಪ್ಪತ್ತು ದಾಟಿದ ಮುದುಕಿ ಮಗನಿಗೆ ತುತ್ತಿಟ್ಟು ಮೂರೂವರೆ ವರ್ಷ ಸಾಕಿದಳು. ಕೈ ತಲೆಯ ಮಟ್ಟಕ್ಕೆ ಏಳುವ ಹೊತ್ತಿಗೆ ಕಾರ್ಡಿನ ಆಯುಸ್ಸು ತೀರಿತ್ತು.

ಪಾನ್ಫಿಲೊ ವಕೀಲನಲ್ಲ. ಆದರೂ ಊರಿನ ಫಿಲಿಪಿನೊಗಳೆಲ್ಲ ಅವನನ್ನು ವಕೀಲರೇ ಅಂತಿದ್ದರು, ಅವನೂ ಬೇಡ ಅಂದವನಲ್ಲ. ದಿನಸಿ ಅಂಗಡಿಯ ಹಿಂಭಾಗದಲ್ಲಿ, ಅಕ್ಕಿ ಮೂಟೆಗೂ ಒಣಮೀನಿನ ಡಬ್ಬಗಳಿಗೂ ನಡುವೆ ಅವನ ಕಚೇರಿ.

"ಐದು ವರ್ಷದಲ್ಲಿ ಎರಡು ವರ್ಷನಾದ್ರೂ ಇಲ್ಲಿರಬೇಕಿತ್ತಮ್ಮ," ಅಂದ. "ಇಲ್ಲೇ ಬಿದ್ದು ಭುಜ ಕೊಳೆಸ್ಕೊಂಡಿದ್ರೆ ಹಕ್ಕು ಉಳೀತಿತ್ತು. ಊರಿಗ್ ಹೋಗಿ ವಾಸಿ ಮಾಡ್ಕೊಂಡ ನೋಡು, ಅಲ್ಲಿ ಕೆಟ್ಟ."

"ಈಗೇನ್ ಮಾಡದು ಅಣ್ಣಾ?"

"ಮೊದ್ಲು ಅವನು, ನನಗೆ ಆ ಹಕ್ಕು ಬೇಡ ಅಂತ ತಾನೇ ಬರೆದು ಬಿಟ್ಟುಕೊಡಬೇಕು. ಆಮೇಲೆ ನೀನು, ನನ್ನ ಗಂಡ ನನಗೆ ಬೇಕು ಅಂತ ಹೊಸದಾಗಿ ಕರೀಬೇಕು."

"ಅಂದ್ರೆ ಸತ್ತೋನ್ ಕೈಲಿ ಸತ್ತಿವ್ನಿ ಅಂತ ಸೈನ್ ಹಾಕ್ಸಿ, ಆಮ್ಯಾಕೆ ಹುಟ್ಸದು!"

"ಜಾಣೆ ಕಣಮ್ಮ ನೀನು. ಇಷ್ಟು ಅರ್ಥ ಆಗಕ್ಕೆ ಬೇರೆಯೋರಿಗೆ ಮೂರು ಸಲ ಹೇಳ್ಬೇಕು." ಅವನು ಕೈ ಚಾಚಿದ. "ಫೋಟೊ ತಂದಿದೀಯಾ? ಮದುವೆ ನಿಜ ಅಂತ ನಂಬಿಸ್ಬೇಕು."

ಪೆರ್ಲಿತಾ ತಂದಿದ್ದಳು. ಒಂದರಲ್ಲಿ ಇಬ್ಬರೂ ಬಿಳಿ ಹೆಲ್ಮೆಟ್ ಹಾಕಿ, ರಕ್ತ ಮೆತ್ತಿದ ಏಪ್ರನ್ ತೊಟ್ಟು, ಪಾಳಿ ಬದಲಾಗುವ ಬಾಗಿಲಲ್ಲಿ ನಿಂತಿದ್ದರು. ಇನ್ನೊಂದರಲ್ಲೂ ಅಷ್ಟೇ, ರಕ್ತ ಮಾತ್ರ ಕೊಂಚ ಕಡಿಮೆ. ಮದುವೆಯ ದಿನದ್ದು ಒಂದಿತ್ತು, ಅದರಲ್ಲಿ ಇಬ್ಬರಿಗೂ ನಡುವೆ ಪಾದ್ರಿ ನಿಂತಿದ್ದ.

"ಥೂ! ಕೊಲೆ ಕೇಸಿಗಾದ್ರೆ ಈ ಫೋಟೊ ಸಾಕು," ಅಂದ ಪಾನ್ಫಿಲೊ. "ಪ್ರೀತಿ ಎಲ್ಲಮ್ಮ ಇದ್ರಲ್ಲಿ? ಬೀಚು, ಹೂವು, ಕೇಕು, ಒಬ್ರ ಬಾಯಿಗೆ ಒಬ್ರು ಇಡೋದು... ಏನೂ ಇಲ್ವಾ? ಸುಳ್ಳು ಮದುವೆ ಮಾಡ್ಕೊಂಡೋರು ಎಷ್ಟು ಚೆನ್ನಾಗಿ ಆಲ್ಬಮ್ ಮಾಡಿಸ್ಕೊಂಡ್ ಬರ್ತಾರೆ ಗೊತ್ತಾ? ನೋಡಿ ಕಲೀಬೇಕು."

ನೊನಿತೊ ಹಕ್ಕು ಬಿಟ್ಟುಕೊಟ್ಟ. ಪೆರ್ಲಿತಾ ಕರೆದಳು. ಹಿಮ ಬಿದ್ದು, ಕರಗಿ, ಮತ್ತೆ ಬಿತ್ತು. ಕೊನೆಗೆ ವಲಸೆ ದಫ್ತರದಿಂದ, ಇಂಥ ದಿನ ಮಧ್ಯಾಹ್ನ ಫೋನಿನಲ್ಲಿ ಪ್ರಶ್ನೆ ಕೇಳುತ್ತೇವೆ ಅಂತ ತಿಳಿಸಿದರು. ಆ ಹೊತ್ತು ಅವಳ ಊಟದ ವಿರಾಮ. ಊಟದ ಕೋಣೆಯಲ್ಲಿ ಗಲಾಟೆಯೆಂದು ಪೆರ್ಲಿತಾ ಕಕ್ಕಸಿಗೆ ಹೋಗಿ ಚಿಲಕ ಹಾಕಿಕೊಂಡು, ಮುಚ್ಚಳದ ಮೇಲೆ ಕೂತಳು.

ಅಧಿಕಾರಿಯ ದನಿ ಜೇನು ಸವರಿದಂತಿತ್ತು. "ಅಮ್ಮಾ, ದಯವಿಟ್ಟು ಮುಜುಗರಪಡಬೇಡಿ. ನಿಮ್ಮ ಪತಿ ಹಾಸಿಗೆಯ ಯಾವ ಬದಿಯಲ್ಲಿ ಮಲಗುತ್ತಾರೆ?"

"ನಡುಮಧ್ಯ."

"ಹಾಗಾದರೆ ನೀವು?"

"ನಾನೂ ನಡುಮಧ್ಯನೇ ಸ್ವಾಮಿ."

ಆ ಕಡೆ ಕೀಲಿಮಣೆಯ ಸದ್ದು ನಿಂತಿತು. "ಅರ್ಥವಾಗಲಿಲ್ಲ."

"ನಂದು ಹಗಲು ಪಾಳಿ, ಅವ್ರದು ರಾತ್ರಿ ಪಾಳಿ. ನಾನ್ ಏಳೋ ಹೊತ್ಗೆ ಅವ್ರು ಬರೋರು. ಹಾಸ್ಗೆ ಬೆಚ್ಚಗಿರ್ತಿತ್ತು, ಬಿದ್ಕಳೋರು. ಭಾನುವಾರ ಒಂದಿನ ಜೊತೇಲಿರ್ತಿದ್ವಿ. ಅವತ್ತೂ ಓವರ್ ಟೈಮ್ ಹಾಕಿದ್ರೆ ಅದೂ ಇಲ್ಲ."

"ಅಂದರೆ, ದಂಪತಿಗೆ ಒಟ್ಟಿಗೆ ಮಲಗುವ ಅಭ್ಯಾಸವಿಲ್ಲ," ಅಂದ ಅಧಿಕಾರಿ, ಕೀಲಿಮಣೆ ಬಡಿಯುತ್ತಾ. "ಮಕ್ಕಳು?"

"ಇಲ್ಲ."

"ಹನ್ನೊಂದು ವರ್ಷಗಳ ದಾಂಪತ್ಯದಲ್ಲಿ ಮಕ್ಕಳಾಗದಿರಲು ಕಾರಣವೇನಿರಬಹುದು?"

ಪೆರ್ಲಿತಾಗೆ ಬೆಳಗಿನಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ನಾಲಿಗೆ ಜಾರಿತು. "ಒಬ್ರು ಎದ್ದಾಗ ಒಬ್ರು ಮಲಗಿದ್ರೆ ಮಕ್ಕಳೇನ್ ಬಾಗ್ಲಲ್ಲಿ ಆಯ್ತವಾ ಸ್ವಾಮಿ?"

"ದಯವಿಟ್ಟು ಸಭ್ಯವಾಗಿ ಉತ್ತರಿಸಿ."

ಅಷ್ಟರಲ್ಲಿ ಬಾಗಿಲನ್ನು ದಡದಡ ಬಡಿದ ಸದ್ದಾಯಿತು. "ಯಾವಳೇ ಒಳಗೆ? ಹಡೀತಿದೀಯೇನೇ? ಬೆಲ್ ಹೊಡೀತು, ಸರಪಳಿ ಶುರುವಾಯ್ತು!" ಡೇರಿಲ್‌ನ ಗಂಟಲು.

"ನಿಮ್ಮ ಜೊತೆ ಯಾರೋ ಗಂಡಸಿದ್ದಾರೆಯೇ?" ಅಧಿಕಾರಿ ಮೆತ್ತಗೆ ಕೇಳಿದ.

ಅದಾಗಿ ತಿಂಗಳಿಗೆ ಜವಾಬು ಬಂತು. ದಂಪತಿ ಸಹಜೀವನ ನಡೆಸಿದ್ದಕ್ಕೆ ತೃಪ್ತಿಕರ ಆಧಾರವಿಲ್ಲ, ಮದುವೆ ವಲಸೆಯ ಸಲುವಾಗಿ ಮಾಡಿಕೊಂಡದ್ದಿರಬಹುದು, ಆದ್ದರಿಂದ ತಿರಸ್ಕರಿಸಲಾಗಿದೆ. ಪೆರ್ಲಿತಾ ಅದನ್ನು ಫೋನಿನಲ್ಲಿ ನೊನಿತೊಗೆ ಓದಿ ಹೇಳಿದಳು.

"ಹಂಗಾದ್ರೆ ನಾವಿಬ್ರೂ ಗುರುತಿಲ್ದೋರು," ಅಂದ ಅವನು. "ನಿನ್ ಹೆಸ್ರೇನಮ್ಮಾ? ಯಾವೂರಾಯ್ತು?"

ಇಬ್ಬರೂ ನಕ್ಕರು. ನಗು ಅವನ ಕಡೆ ಮೊದಲು ನಿಂತಿತು. ಆಮೇಲೆ ಅವನು ಮೂಗೆಳೆದುಕೊಂಡ ಸದ್ದು ಕೇಳಿ, ಪೆರ್ಲಿತಾ, ಅವ್ವ ಊಟ ಮಾಡಿದರಾ ಅಂತ ಕೇಳಿದಳು.

ಮೇಲ್ಮನವಿಗೆ ದಾರಿಯಿತ್ತು. "ಸಾಕ್ಷಿ ಬೇಕು," ಅಂದ ಪಾನ್ಫಿಲೊ. "ನಿಮ್ಮಿಬ್ರಿಗೂ ಬೇರೆ ಬೇರೆ ಪಾಳಿ ಹಾಕ್ದೋನು ಇದಾನಲ್ಲ, ಅವನು ಬಂದು ಬಾಯಿಬಿಟ್ಟು ಹೌದು ಅಂದ್ರೆ ಸಾಕು."

ಮಾರನೇ ದಿನ ಪಾಳಿ ಮುಗಿದಮೇಲೆ ಪೆರ್ಲಿತಾ ಹೋಗಿ ಡೇರಿಲ್ ಮುಂದೆ ನಿಂತಳು. ಅವನು ಕಾಲು ಚಾಚಿ ಕಾಫಿ ಕುಡಿಯುತ್ತಿದ್ದ.

"ಒಂದೇ ಪಾಳಿಗೆ ಹಾಕಿ ಅಂತ ನಾವಿಬ್ರೂ ಎಷ್ಟ್ ಸಲ ಕೇಳ್ಕಂಡಿದ್ವಿ ಸಾರ್. ಗಂಡ ಹೆಂಡ್ತಿ ಒಟ್ಗಿದ್ರೆ ಮಾತಾಡ್ಕಂಡು ಕೆಲ್ಸ ಕೆಡಿಸ್ತೀರಿ ಅಂದ್ರಿ. ಅದನ್ನೇ ಒಂದ್ ಮಾತು ಹೇಳ್ಬುಡಿ."

"ಹೇಳಿರ್ಬೋದು, ಹೇಳ್ದೇನೂ ಇರ್ಬೋದು. ಮಾತ್ನೆಲ್ಲ ನೆನಪಿಟ್ಕೊಳಕ್ಕೆ ನನಗೇನ್ ಸಂಬಳ ಕೊಡ್ತಾರಾ?"

"ನನ್ ಸಂಸಾರ ಸಾರ್."

"ನೋಡಮ್ಮ, ಕಂಪನಿಗೆ ಒಂದು ಮರ್ಯಾದೆ ಐತೆ. ಯಾರ ಹಾಸ್ಗೆ ವಿಷಯಕ್ಕೂ ನಾವು ತಲೆ ಹಾಕಲ್ಲ." ಅವನು ಲೋಟ ಕುಕ್ಕಿದ. "ಒಬ್ಳೇ ಮಲಗಿ ಅಭ್ಯಾಸ ಆಗೋಗಿದೆಯಲ್ಲ, ಇನ್ನೇನು?"

ಅವನ ಹಿಂದೆ ಕೂತಿದ್ದ ಇಬ್ಬರು ಮೇಸ್ತ್ರಿಗಳು ಕಿಸಕ್ಕನೆ ನಕ್ಕರು. ಪೆರ್ಲಿತಾ ಮನೆಗೆ ಹೋಗಿ ಅನ್ನಕ್ಕಿಟ್ಟಳು. ಅನ್ನ ಸೀದು ವಾಸನೆ ಬರುವ ತನಕ ಒಲೆಯ ಮುಂದೆಯೇ ನಿಂತಿದ್ದಳು.

ಮರುದಿನ ಬೆಳಗಿನ ಪಾಳಿ ಜೋರಾಗಿ ನಡೆದಿತ್ತು. ಆರ್ಡರು ಹೆಚ್ಚಿತ್ತು, ಸರಪಳಿಯ ವೇಗ ಏರಿಸಿದ್ದರು. ತಲೆಯ ಮೇಲೆ ಉದ್ದಕ್ಕೂ ಒಂದು ಕೆಂಪು ಹಗ್ಗ ಹಾದುಹೋಗುತ್ತದೆ; ಅದನ್ನು ಎಳೆದು ಹಿಡಿದಷ್ಟು ಹೊತ್ತು ಸರಪಳಿ ನಿಲ್ಲುತ್ತದೆ. ಯಾರದಾದರೂ ಕೈ ಯಂತ್ರಕ್ಕೆ ಸಿಕ್ಕರೆ ಮಾತ್ರ ಎಳೆಯಬೇಕು, ಸುಮ್ಮನೆ ಎಳೆದವರು ಅವತ್ತೇ ಮನೆಗೆ. ಪೆರ್ಲಿತಾ ಕತ್ತಿಯನ್ನು ಒರೆಗೆ ಸೇರಿಸಿದಳು. ತುದಿಗಾಲಲ್ಲಿ ನಿಂತು ಹಗ್ಗ ಹಿಡಿದು ಎಳೆದಳು.

ಇಡೀ ಕಾರ್ಖಾನೆ ಒಂದು ಸಲ ಬಿಕ್ಕಳಿಸಿ ನಿಂತಿತು. ಹಿಂದಿನ ದನ ಮುಂದಿನ ದನಕ್ಕೆ ಢಿಕ್ಕಿ ಹೊಡೆದು ಜೋಲಾಡಿತು. ಸದ್ದಡಗಿದಾಗ ನೆಲಕ್ಕೆ ರಕ್ತ ತೊಟ್ಟಿಕ್ಕುವುದು ಕೇಳಿಸಿತು.

ಡೇರಿಲ್ ಜಾರುತ್ತ ಎದ್ದು ಬೀಳುತ್ತ ಓಡಿ ಬಂದ. "ಯಾರ ಕೈ ಹೋಯ್ತು? ಯಾವ್ ನನ್ ಮಗಂದು?"

"ನನ್ ಗಂಡಂದು," ಅಂದಳು ಪೆರ್ಲಿತಾ.

"ತಲೆ ಕೆಟ್ಟೈತೇನೇ ಬೋಸುಡಿ! ಬಿಡೇ ಹಗ್ಗ!"

ಅವಳು ಬಿಡಲಿಲ್ಲ. ಅವನು ಮೈಮೇಲೆ ಬರುವಷ್ಟರಲ್ಲಿ ನ್ಯಾಬೋಲ್ ನಡುವೆ ಬಂದು, ತನ್ನ ಉದ್ದನೆಯ ಕೈ ಎತ್ತಿ ಅದೇ ಹಗ್ಗ ಹಿಡಿದಳು. "ಅವ್ಳನ್ನ ಮುಟ್ಟಿದ್ರೆ ಕೈ ಹೋಗದು ನಿಂದೇ ಕಣ್ಲಾ ಬೇವರ್ಸಿ," ಅಂದಳು. ಸಾಲಿನುದ್ದಕ್ಕೂ ಕತ್ತಿಗಳು ಒಂದೊಂದಾಗಿ ಮೇಜಿಗೆ ಬಿದ್ದವು. ಡೇರಿಲ್‌ನ ಸೊಂಟದ ವಾಕಿಟಾಕಿಯಲ್ಲಿ ಮ್ಯಾನೇಜರ್ ಬೊಬ್ಬೆ ಹಾಕುತ್ತಿದ್ದ.

ಡೇರಿಲ್ ದನಿ ತಗ್ಗಿಸಿದ. "ಪೆರ್ಲಿತಾ, ನಮ್ಮವ್ವಾ, ಹೇಳ್ತೀನಿ. ಸಾಕ್ಷಿ ಹೇಳ್ತೀನಿ, ಆಯ್ತಾ? ಮೊದ್ಲು ಹಗ್ಗ ಬಿಡು."

"ಮೊದ್ಲು ಹೇಳಿ," ಅಂದಳು ಪೆರ್ಲಿತಾ. "ಆ ವಾಕಿಟಾಕೀಲಿ ಹೇಳಿ. ಎಲ್ರಿಗೂ ಕೇಳ್ಬೇಕು."

ಅವನು ವಾಕಿಟಾಕಿಯನ್ನು ಬಾಯಿಯ ಹತ್ತಿರ ತಂದ. ಗುಂಡಿ ಒತ್ತಿದ, ಮ್ಯಾನೇಜರನ ಬೊಬ್ಬೆ ನಿಂತಿತು. ಕೊಕ್ಕೆಗಳಲ್ಲಿ ದನಗಳು ಇನ್ನೂ ತೂಗುತ್ತಿದ್ದವು. ಎಲ್ಲರೂ ಅವನ ಬಾಯಿಯನ್ನೇ ನೋಡುತ್ತಿದ್ದರು.