ನಡುಗಂಬದ ಚೌಡಮ್ಮ

ನಮ್ಮ ಮನೆ ಪಾಲು ಮಾಡಲು ಕೂತ ಪಂಚರಿಗೆ ಬುದ್ಧಿ ಇತ್ತೋ ಇಲ್ಲವೋ, ನಾನಂತೂ ಹೇಳಲಾರೆ. ಎಲೆಯಡಿಕೆ ಮಾತ್ರ ಚೆನ್ನಾಗಿ ಮೆದ್ದರು. ಅಣೆಕಟ್ಟಿನ ನೀರಿಗೆ ನಮ್ಮೂರು ಮುಳುಗುವ ಮುಂಚೆ ಹಳೇ ಮನೆಯ ಕಂಬ, ತೊಲೆ, ಹಲಗೆಗಳನ್ನೆಲ್ಲ ಬಿಚ್ಚಿ ಲಾರಿಗೆ ಹೇರಿಕೊಂಡು ಬಂದು ರಿಪ್ಪನ್‌ಪೇಟೆಯಲ್ಲಿ ಎರಡಂತಸ್ತಿನ ಮನೆ ಎಬ್ಬಿಸಿದ್ದೆವು. ಪೂರ್ತಿ ಮರದ್ದು. ಮಾವ ಕಣ್ಣು ಮುಚ್ಚಿದ್ದೇ ತಡ, ಅವರ ಗಂಡುಮಕ್ಕಳಿಬ್ಬರಿಗೂ ಪಾಲು ಬೇಕಾಯಿತು. ಪಂಚರು ಕೆಳಗಿನದನ್ನು ನನ್ನ ಮೈದುನ ಧರ್ಮಪ್ಪನಿಗೆ, ಮೇಲಿನ ಮಹಡಿಯನ್ನು ನನ್ನ ಗಂಡ ಸೀತಾರಾಮಪ್ಪನವರಿಗೆ ಅಂತ ತೀರ್ಮಾನ ಮಾಡಿ, ಊಟ ಮುಗಿಸಿ ಹೋದರು. ಮೇಲಿನದು ಕೆಳಗಿನದರ ಮೇಲೇ ನಿಂತಿದೆ ಎನ್ನುವುದು ಒಬ್ಬರಿಗೂ ಹೊಳೆಯಲಿಲ್ಲ.

ಧರ್ಮಪ್ಪ ಹಿಟ್ಟಿನ ಗಿರಣಿ ಹಾಕಲು ಹೊರಟ. ಗಿರಣಿಯ ಬೆಲ್ಟಿಗೆ ನಡುಗಂಬ ಅಡ್ಡ ಬಂತು. ಒಂದು ಬೆಳಿಗ್ಗೆ ಅವನು ಗರಗಸ ಹಿಡಿದು ಕಂಬದ ಮುಂದೆ ನಿಂತದ್ದು ನೋಡಿ ಮೆಟ್ಟಿಲಿಳಿದು ಓಡಿದೆ. ಆ ಕಂಬದ ನೆತ್ತಿಯ ಮೇಲೇ ನನ್ನ ಮಕ್ಕಳು ಮಲಗುತ್ತಿದ್ದದ್ದು.

"ಎಂತ ಮಾಡ್ತಿದೀಯ ಧರ್ಮಪ್ಪ?"

"ನನ್ನ ಪಾಲಿನ ಕಂಬ ಅತ್ತಿಗೆ. ಕೊಯ್ತೀನಿ."

"ಕೊಯ್ದ್ರೆ ನಮ್ಮನೆ ಗತಿ?"

"ಅದು ನಿಮ್ಮ ಪಾಲು. ನಾನೇನು ಅದ್ರ ತಂಟೆಗೆ ಬಂದ್ನಾ?"

ನನ್ನ ಗಂಡ ಕಾನೂನು ಬಲ್ಲವರು. ಮೆಟ್ಟಿಲ ಮೇಲೆ ನಿಂತುಕೊಂಡೇ, "ಕೊಯ್ಲಿ ಬಿಡೇ. ನಮ್ದು ಬಿದ್ಮೇಲೆ ಕೇಸು ಹಾಕೋಣ" ಎಂದರು. ಬಿದ್ದ ಮೇಲಂತೆ! ಇಂಥವರ ಜೊತೆ ನಾನು ಬಾಳ್ವೆ ಮಾಡಬೇಕು.

ಕಡೆಗೆ ಉಪಾಯ ಹೂಡಿದವರು ನಮ್ಮತ್ತೆ ಶೇಷಮ್ಮ. ಕಂಬಕ್ಕೆ ಅರಿಸಿನ ಬಳಿದು, ಅಂಗೈಯಗಲ ಕುಂಕುಮ ಇಟ್ಟು, "ಮುಳುಗಿದೂರಿನ ಚೌಡಮ್ಮ ಕನಸಲ್ಲಿ ಬಂದಿದ್ಲು ಕಣೋ. ನಿಮ್ಮ ಕಂಬದ ಜೊತೇಲೇ ಬಂದೀನಿ ಅಂದ್ಲು" ಎಂದರು. ಧರ್ಮಪ್ಪ ಗರಗಸ ಕೆಳಗಿಟ್ಟು ಕೆನ್ನೆ ಕೆನ್ನೆ ಬಡಿದುಕೊಂಡ. ಅವನು ಅತ್ತ ಹೋದದ್ದೇ ಅತ್ತೆ ನನ್ನ ಕಿವಿಯಲ್ಲಿ, "ಕನಸೂ ಇಲ್ಲ ಎಂತದೂ ಇಲ್ಲ, ನೀನು ಹಾಯಾಗಿರು" ಎಂದು ನಕ್ಕರು.

ಹಾಯಾಗಿದ್ದದ್ದು ಒಂದು ಮಳೆಗಾಲ ಅಷ್ಟೆ. ಮುಳುಗಿದ ಊರಿನವರು ಸಾಗರ, ಹೊಸನಗರ ಅಂತ ದಿಕ್ಕಿಗೊಬ್ಬರು ಚೆದುರಿದ್ದರಲ್ಲ, ತಮ್ಮ ಚೌಡಮ್ಮ ರಿಪ್ಪನ್‌ಪೇಟೆಯಲ್ಲಿದ್ದಾಳೆ ಎಂದು ಕೇಳಿ ಬಸ್ಸು ಹತ್ತಿಕೊಂಡು ಬಂದರು. ಪಾಪ, ಅವರದೂ ತಪ್ಪಲ್ಲ. ಕಂಬಕ್ಕೆ ದಿನಾ ಕೊಡಗಟ್ಟಲೆ ನೀರು, ಹಾಲು, ಬೆಲ್ಲದ ಪಾನಕ. ಧರ್ಮಪ್ಪ ಗಿರಣಿ ಮರೆತು ಅದೇ ಜಾಗದಲ್ಲಿ ಹಣ್ಣುಕಾಯಿ ಅಂಗಡಿ ಇಟ್ಟ. ಕಂಬದ ಬುಡಕ್ಕೆ ಒರಲೆ ಹುಳು ಹತ್ತಿತು. ಬೆರಳಲ್ಲಿ ಒತ್ತಿದರೆ ಬೆರಳೇ ಒಳಗೆ ಹೋಗುತ್ತಿತ್ತು. ಮೇಲೆ ನನ್ನ ಮನೆಯಲ್ಲಿ ನಿಂಬೆಹಣ್ಣು ಎಲ್ಲಿಟ್ಟರೂ ಉರುಳಿಕೊಂಡು ನಡುಮನೆಗೆ ಬರುತ್ತಿತ್ತು.

"ಬುಡ ಕೊಳೀತಿದೆ, ನೀರು ನಿಲ್ಸೋ" ಎಂದು ಧರ್ಮಪ್ಪನಿಗೆ ಹೇಳಿದೆ. "ತಾಯಿ ಸ್ನಾನ ನಿಲ್ಸಕ್ಕಾಗುತ್ತಾ ಅತ್ತಿಗೆ?" ಎಂದ. ಗಂಡನಿಗೆ ಹೇಳಿದೆ. "ನೋಡೋಣ ಬಿಡೇ" ಎಂದರು. ಅತ್ತೆಗೇ ಹೇಳೋಣವೆಂದು ಹೋದರೆ, ಅವರು ಕಂಬದ ಮುಂದೆ ಕಣ್ಣುಮುಚ್ಚಿ ಕೈಮುಗಿದು ಕೂತಿದ್ದರು. ಕನಸು ನಿಜವಾಗಿಯೂ ಬಿದ್ದಿತ್ತು ಎಂದು ಅಷ್ಟರಲ್ಲಿ ಅವರಿಗೇ ನಂಬಿಕೆ ಬಂದುಬಿಟ್ಟಿತ್ತು.

ಕಂಬ ಕುಸಿಯುತ್ತಿರುವುದು ಧರ್ಮಪ್ಪನ ಕಣ್ಣಿಗೂ ಬಿತ್ತು. "ತಾಯಿ ಭೂಮಿಗಿಳೀತಿದಾಳೆ!" ಎಂದು ಪೇಟೆಯೆಲ್ಲ ಸಾರಿಕೊಂಡು ಬಂದ. ಮುಂದಿನ ಶುಕ್ರವಾರ ಜನವೋ ಜನ. ತೀರ್ಥಹಳ್ಳಿಯಿಂದ ಬಂದಿದ್ದ ಒಬ್ಬ ದೊಡ್ಡ ಮನುಷ್ಯರು, ಕಾಯಿಯನ್ನು ತಾಯಿಯ ನೆತ್ತಿಯ ಮೇಲೇ ಒಡೆಯಬೇಕು ಎಂದು ಅಪ್ಪಣೆ ಕೊಡಿಸಿದರು. ತಾಯಿಯ ನೆತ್ತಿ ಅಂದರೆ ನನ್ನ ಮಕ್ಕಳ ಹಾಸಿಗೆ! ಕಾಯಿ ಹಿಡಿದುಕೊಂಡು ಸಾಲಾಗಿ ಮಹಡಿ ಹತ್ತಿದರು. ನಡುಮನೆ ತುಂಬಿತು. ಕಾಲಡಿಯ ತೊಲೆ ಲಟಕ್ಕೆಂದಿತು.

ತಲೆಗೆ ಸ್ನಾನ ಮಾಡಿ ಕೂದಲು ಬಿಟ್ಟುಕೊಂಡಿದ್ದವಳು ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಓಡಿ ಬಂದೆ. "ಇಳೀರಿ ಕೆಳಗೆ! ಚೌಡಮ್ಮನೂ ಇಲ್ಲ ಎಂತದೂ ಇಲ್ಲ, ಕೊಳೆತ ಮರ ಇರೋದು! ಸಾಯ್ತೀರಾ ಎಲ್ರೂ!" ಎಂದು ಕಿರುಚಿದೆ. ಹೆದರಿಕೆಗೋ ಸಿಟ್ಟಿಗೋ ಮೈಯೆಲ್ಲ ಗಡಗಡ ನಡುಗುತ್ತಿತ್ತು.



"ಬಂದ್ಲು! ತಾಯಿ ಮೈಮೇಲೆ ಬಂದ್ಲು!" ಎಂದು ಯಾರೋ ಕೂಗಿದರು.

ಧರ್ಮಪ್ಪ ಮೆಟ್ಟಿಲಲ್ಲೇ ಅಡ್ಡಬಿದ್ದ. ನನ್ನ ಗಂಡ ಮುಂದೆ ಬಂದು ಕೈಮುಗಿದು, "ಏನಪ್ಪಣೆ ತಾಯೀ?" ಎಂದರು. ಮದುವೆಯಾದಾಗಿನಿಂದ ನಿನಗೇನು ಬೇಕು ಎಂದು ಅವರು ನನ್ನನ್ನು ಕೇಳಿದ್ದು ಅದೇ ಮೊದಲು. ನಾನು ಬಿಡುತ್ತೇನೆಯೇ?

"ಮೊದ್ಲು ಒಬ್ಬೊಬ್ರಾಗಿ ಇಳೀರಿ! ಇನ್ಮೇಲೆ ನನ್ನ ನೆತ್ತಿ ತುಳಿದೋರ ಮನೆ ಉಳಿಸಲ್ಲ! ಲೋ ಧರ್ಮಪ್ಪ, ನನ್ನ ಕಾಲು ಕೊಳೀತಾ ಇದೆ, ಒಂದು ಹನಿ ನೀರು ಹಾಕಿದ್ರೆ ನೋಡು! ಒಬ್ಳೇ ಹೊತ್ತು ಹೊತ್ತು ಸಾಕಾಗಿದೆ ನಂಗೆ. ಆ ಕಡೆ ಒಬ್ಳು, ಈ ಕಡೆ ಒಬ್ಳು ತಂಗೀರು ಬೇಕು. ನಾನು ಬಿದ್ರೆ ಅವ್ರು ಹಿಡೀಬೇಕು!"

ಚೌಡಮ್ಮನ ಮಾತೋ ನನ್ನ ಮಾತೋ, ಯಾರೂ ಕೇಳಲಿಲ್ಲ. ಆ ವಾರವೇ ಹೊನ್ನೆ ಮರದ ತಂಗಿಯರಿಬ್ಬರು ಬಂದು ತೊಲೆಗೆ ಹೆಗಲು ಕೊಟ್ಟು ನಿಂತರು. ಆಮೇಲೆ ಮರಗೆಲಸದ ಆಚಾರಿಗಳು ಅದೇ ಗರಗಸದಿಂದ ಅಕ್ಕನ ಕೊಳೆತ ಬುಡ ಕೊಯ್ದು, ಧರ್ಮಪ್ಪ ತಾನೇ ತಲೆ ಮೇಲೆ ಹೊತ್ತು ತಂದ ಕಲ್ಲನ್ನು ಅಡಿಗಿಟ್ಟರು. ನನ್ನ ನಿಂಬೆಹಣ್ಣು ಇಟ್ಟಲ್ಲೇ ನಿಂತಿತು. ಅವತ್ತು ಮಕ್ಕಳನ್ನು ಮಲಗಿಸಿ ಅತ್ತುಬಿಟ್ಟೆ.

ಮರುದಿನ ಬೆಳಿಗ್ಗೆ ಗಂಡನಿಗೆ ಕಾಫಿ ಕೊಟ್ಟು, "ಜನ ತುಳಿದು ಮೆಟ್ಟಿಲ ಹಲಗೆ ಬಿರುಕು ಬಿಟ್ಟಿದೆ. ಮಕ್ಕಳು ಬಿದ್ದಾರು. ಆಚಾರೀನ ಕರ್ಸಿ" ಎಂದೆ.

"ನೋಡೋಣ ಬಿಡೇ" ಎಂದರು.

ನಾನು ಕೂದಲ ಗಂಟು ಬಿಚ್ಚಿದೆ.