ತೋಳಿನ ಅಳತೆ

ಅತ್ತೆಯ ಬೆರಳು ಸೊಸೆಯ ತೋಳಿನ ಒಳಮಗ್ಗುಲಲ್ಲಿ ಗಕ್ಕನೆ ನಿಂತಿತು. ಟೇಪು ಅಲ್ಲೇ ಜೋತುಬಿತ್ತು.

ನಲವತ್ತು ವರ್ಷ ಬಟ್ಟೆ ಹೊಲಿದ ಬೆರಳುಗಳು ಅವು. ಮಡಿಕೆಯಲ್ಲಿ ಮರೆತುಹೋದ ಗುಂಡುಪಿನ್ನನ್ನು ಕಣ್ಣುಮುಚ್ಚಿ ತೆಗೆಯುತ್ತಿದ್ದವು. ಅದಕ್ಕೆಂದೇ ಸೊಸೆ ಈಚೆಗೆ ಅಳತೆಗೆ ಹಳೆಯ ಅಂಗಿಯನ್ನೇ ಕೊಟ್ಟು ಪಾರಾಗಿದ್ದಳು. ಆ ಅಂಗಿ ನಿನ್ನೆ ಮಗುವಿನ ದಿಂಬಿನ ಚೀಲವಾಗಿಬಿಟ್ಟಿತ್ತು. ಸೋಮವಾರದಿಂದ ಗೋದಾಮಿನಲ್ಲಿ ಕ್ರೇನ್ ಓಡಿಸುವ ತರಬೇತಿ. ಸಮವಸ್ತ್ರ ಬೇಕೇ ಬೇಕು.

"ಏನೇ ಇದು, ಕಡ್ಡಿ ಹಾಗೆ?"

"ನರ ಇರ್ಬೇಕು ಅತ್ತೆ."

"ನರ ಹೀಗೆ ಜಾರತ್ತಾ?" ಅತ್ತೆಯ ಮುಖ ಬಿಳಿಚಿಕೊಂಡಿತು. "ಅಯ್ಯೋ, ಮೊನ್ನೆ ಕಳೆದುಹೋದ ಕೈಸೂಜಿ! ಮನೆಯೆಲ್ಲ ಗುಡಿಸಿದೆ, ನೋಡಿದ್ರೆ ಇಲ್ಲಿದೆ! ಒಳಗೊಳಗೇ ನಡೀತಾ ಹೋಗತ್ತೆ ಕಣೇ ಅದು, ಎದೆಗೆ ಹೊಕ್ಕರೆ ಮುಗೀತು. ಲೋ! ಗಾಡಿ ತೆಗಿಯೋ, ಆಸ್ಪತ್ರೆಗೆ ಹೋಗ್ಬೇಕು!"

"ಬಂದೆ!" ಹಿತ್ತಲಲ್ಲಿ ಮಗುವಿಗೆ ಬೆಕ್ಕು ತೋರಿಸುತ್ತಿದ್ದ ಗಂಡ ಕೂಗಿದ.

ಸೊಸೆ ಹಿತ್ತಲ ಬಾಗಿಲ ಕಡೆ ನೋಡಿದಳು. ಕಡ್ಡಿ ತೋಳು ಸೇರಿ ಐದು ತಿಂಗಳು. ಕಪಾಟಿನಲ್ಲಿ ಕಣ್ಣೆದುರಿಗಿರುವ ಸಾಕ್ಸೇ ಕಾಣದ ಗಂಡನಿಗೆ ಚರ್ಮದ ಕೆಳಗಿನದು ಕಂಡಿರಲಿಲ್ಲ. ಮಗು ನಡೆಯುವುದರೊಳಗೆ ಇನ್ನೊಂದು ಬರಲಿ ಎನ್ನುವುದರಲ್ಲಿ ಅಮ್ಮ ಮಗ ಇಬ್ಬರದೂ ಒಂದೇ ರಾಗ. ತಿಳಿದರೆ ನಾಳೆಯೇ ತೆಗೆಸುತ್ತಾರೆ. ಬಸುರಿಗೆ ಕ್ರೇನಿನ ಏಣಿ ಹತ್ತಲು ಬಿಡುವುದಿಲ್ಲ. ಎರಡು ವರ್ಷ ಕಾದು ಬಂದ ಸರದಿ ಹಿಂದೆ ನಿಂತವರ ಪಾಲು. ಬಾಯಿ ಬಿಡದಿದ್ದರೆ ಆಸ್ಪತ್ರೆಯಲ್ಲಿ ಗಂಡನೆದುರೇ ಎಲ್ಲ ಬಯಲು.

"ಸೂಜಿ ಅಲ್ಲ ಅತ್ತೆ," ಪಿಸುಗುಟ್ಟಿದಳು. "ನಾನೇ ಹಾಕಿಸ್ಕೊಂಡಿದ್ದು. ಮೆತ್ತಗಿನ ಕಡ್ಡಿ. ದಿನಾ ಚೂರುಚೂರೇ ಔಷಧಿ ಬಿಡತ್ತೆ. ಅಂಡಾಣು ಹೊರಗೆ ಬರಲ್ಲ, ಬಸಿರು ನಿಲ್ಲಲ್ಲ. ಮೂರು ವರ್ಷ."

ಅತ್ತೆಗೆ ಕೋಪ ಬಂದರೆ ಬಾಯಲ್ಲಿ ಪಿನ್ನು ಕಚ್ಚಿಕೊಳ್ಳುವುದು ಅಭ್ಯಾಸ. ಈಗ ಒಂದರ ಹಿಂದೊಂದು ಮೂರು ಕಚ್ಚಿಕೊಂಡರು.

"ಕಾಪರ್‌-ಟಿನೂ ತೋರಿಸಿದ್ರು. ಗರ್ಭಕೋಶದಲ್ಲಿ ಇಡೋದು, ಹತ್ತು ವರ್ಷ ಬರತ್ತಂತೆ. ನಂಗೆ ಅಷ್ಟು ಬೇಡ ಅತ್ತೆ, ಮೂರು ಸಾಕು."

"ಆಮೇಲೆ?"

"ತೆಗೆಸಿದ್ರೆ ಮೊದಲಿನ ಹಾಗೇ. ಬೇಕಂದಾಗ ತೆಗೆಸ್ಬಹುದು."

ಅತ್ತೆಯ ಬೆರಳು ಕಡ್ಡಿಯ ಈ ತುದಿಯಿಂದ ಆ ತುದಿಗೆ, ಬೇರೆ ದರ್ಜಿಯ ಕೆಲಸ ನೋಡುವ ಹಾಗೆ, ನಿಧಾನಕ್ಕೆ ಸರಿಯಿತು.

"ಎಷ್ಟು ಹೊಲಿಗೆ ಹಾಕಿದ್ರು?" ಪಿನ್ನುಗಳ ಸಂದಿಯಿಂದ ಮಾತು ಬಂತು.

"ಹೊಲಿಗೆ ಇಲ್ಲ. ಪಟ್ಟಿ ಅಷ್ಟೇ."

"ಹೂಂ."

ಅಷ್ಟರಲ್ಲಿ ಗಂಡ ಬಂದ. ತಲೆಗೆ ಹೆಲ್ಮೆಟ್ಟು, ಒಂದು ಕೈಯಲ್ಲಿ ಗಾಡಿಯ ಕೀ, ಕಂಕುಳಲ್ಲಿ ಮಗು. "ಯಾರಿಗಮ್ಮಾ? ಏನಾಯ್ತು?"

ಸೊಸೆ ನೆಲದ ಮೇಲಿನ ದಾರದ ಚೂರುಗಳನ್ನು ನೋಡುತ್ತ ನಿಂತಳು. ಅತ್ತೆ ಬಾಯಿಂದ ಒಂದು ಪಿನ್ನು ತೆಗೆದು, ಪಿನ್ನು ಸಿಕ್ಕಿಸಿಡುವ ಪುಟ್ಟ ದಿಂಬಿಗೆ ಚುಚ್ಚಿದರು. ಎರಡನೆಯದು. ಮೂರನೆಯದನ್ನು ತೆಗೆಯಲು ಹೊತ್ತು ಹಿಡಿಯಿತು.

"ನಿನಗೊಂದು ಅವಸರ. ಯಾರಿಗೂ ಏನೂ ಆಗಿಲ್ಲ, ನರವಂತೆ. ಹೇಗೂ ಗಾಡಿ ತೆಗೆದಿದ್ದೀಯಲ್ಲ, ನೀಲಿ ದಾರ ತಗೊಂಡ್ಬಾ. ಎರಡು ಉಂಡೆ."

"ಒಂದು ಅಂಗಿಗೆ ಎರಡಾ?"

"ತೋಳು ಉದ್ದ ಇದೆ. ಮಗುನ ತೊಟ್ಟಿಲಿಗೆ ಹಾಕಿ ಹೋಗೋ."

ಗಾಡಿಯ ಸದ್ದು ಬೀದಿಯ ತಿರುವು ದಾಟಿತು. ಅತ್ತೆ ಕಾಗದದಲ್ಲಿ ಅಂಗಿಯ ತೋಳಿನ ಉದ್ದಕ್ಕೆ ಬರೆದಿದ್ದ ಒಂಬತ್ತು ಇಂಚನ್ನು ಹೊಡೆದುಹಾಕಿ ಹದಿಮೂರು ಎಂದು ಬರೆದರು.

"ಕೈ ಎತ್ತು," ಎಂದರು. ಟೇಪನ್ನು ಆ ಜಾಗದ ಮೇಲೆ ಮತ್ತೆ ಸುತ್ತಿ, ಒಳಗೆ ತಮ್ಮದೊಂದು ಬೆರಳು ತೂರಿಸಿ, ಅಷ್ಟು ಸಡಿಲ ಬಿಟ್ಟು ಅಳತೆ ಓದಿದರು.