ನಡುಮನೆಯ ಫ್ರೀಜರ್

ನಾಲ್ವರು ಗಂಡಸರು ಫ್ರೀಜರಿನ ಬುಡಕ್ಕೆ ಕೈ ಹಾಕಿದ್ದರು. ‘ಎತ್ತಿ’ ಎನ್ನುವುದೊಂದೇ ಬಾಕಿ. ಅಷ್ಟರಲ್ಲಿ ಸೊಸೆ ಅಡಿಗೆಮನೆಯಿಂದ ಬಂದು, ಒದ್ದೆ ಕೈ ಒರೆಸಿಕೊಂಡು, ಅದರ ಮುಚ್ಚಳದ ಮೇಲೆ ಹತ್ತಿ ಕೂತುಬಿಟ್ಟಳು.

“ಈಗ ಎತ್ತಿ, ನೋಡೋಣ.”

ನಾಲ್ವರೂ ಕೈ ತೆಗೆದು ಅಧ್ಯಕ್ಷರ ಮುಖ ನೋಡಿದರು. ಅಧ್ಯಕ್ಷರು ಅಂದರೆ ಆಸ್ಪತ್ರೆಯಲ್ಲಿ ತೀರಿಕೊಂಡ ಅವಳ ಅತ್ತೆಯ ತಮ್ಮ. ಯಾವ ಸಂಘಕ್ಕೂ ಅವರು ಅಧ್ಯಕ್ಷರಲ್ಲ. ಆದರೆ ಮದುವೆಯಿರಲಿ ಸಾವಿರಲಿ, ಕರೆಯದಿದ್ದರೂ ಬಂದು ಯಜಮಾನಿಕೆ ವಹಿಸಿಕೊಳ್ಳುವುದು ಅವರ ಹುಟ್ಟುಗುಣವಾದ್ದರಿಂದ ಬೀದಿಯವರು ಆ ಪದವಿ ದಯಪಾಲಿಸಿದ್ದರು.

“ಏಳಮ್ಮ, ಆಸ್ಪತ್ರೆಯಿಂದ ಗಾಡಿ ಹೊರಟಾಯ್ತು. ಅಕ್ಕನ್ನ ಎಲ್ಲಿ ಮಲಗಿಸೋದು? ಈ ಭೂತ ಅರ್ಧ ನಡುಮನೆ ನುಂಗಿ ಕೂತಿದೆ.”

“ಇದರ ಪಕ್ಕದಲ್ಲೇ ಮಲಗಿಸಿ. ಇಷ್ಟು ವರ್ಷ ಅತ್ತೆ ಮಲಗಿದ್ದೂ ಅಲ್ಲೇ.”

“ಸಾವಿನ ಮನೇಲಿ ಮಿಷನ್ನು ಗುಂಯ್ ಅಂತ ಕೂಗ್ತಿರಬೇಕಾ? ಜನ ಏನಂತಾರೆ?”

“ಒಳಗಿರೋದು ಜನದ್ದೇ ಸಾಮಾನು. ಏನಂತಾರೆ?”

“ಅದಕ್ಕೇ ಬೀದಿಗೆಲ್ಲ ಹೇಳಿ ಕಳಿಸಿದೀನಿ. ಅವರವರ ಗಂಟು ಅವರವರು ತಗೊಂಡು ಹೋಗ್ಲಿ. ಸಂಜೆ ಗುಜರಿಯವನು ಬರ್ತಾನೆ. ಅಕ್ಕ ಹೋದ್ಲು, ಅವಳ ಹುಚ್ಚೂ ಅವಳ ಜೊತೆ ಹೋಗ್ಲಿ.” ಅಧ್ಯಕ್ಷರು ಗಂಡಸರ ಕಡೆ ತಿರುಗಿದರು. “ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತ ಸುಮ್ನೆ ಹೇಳ್ತಾರಾ?”

ಸೊಸೆ ಗಂಡನ ಕಡೆ ನೋಡಿದಳು. ಆತ ಮೂಲೆಗೆ ಒರಗಿಸಿಟ್ಟ ಕೊಡೆಯ ಹಾಗೆ ನಿಂತಿದ್ದ. ತಾಯಿ ಹೋದ ಸಂಕಟ ಒಂದು ಕಡೆ, ಸೋದರಮಾವನೆದುರು ಎಂದೂ ಬಾಯಿ ತೆರೆಯದ ಸ್ವಭಾವ ಇನ್ನೊಂದು ಕಡೆ. ಅವಳಿಗೆ ಸಿಟ್ಟೂ ಬಂತು, ಕನಿಕರವೂ ಬಂತು. ಏಳಲಿಲ್ಲ ಮಾತ್ರ. ಗಾಡಿ ಬಂದು ನಿಂತ ಸದ್ದಾದಾಗ ಅಧ್ಯಕ್ಷರು ವಿಧಿಯಿಲ್ಲದೆ ಫ್ರೀಜರಿಗೆ ತಾಗಿಸಿಯೇ ಮಂಚ ಹಾಕಿಸಿದರು.

*

ಅತ್ತೆ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡಿಗೆಯವಳಾಗಿದ್ದಳು. ಉಳಿದದ್ದನ್ನು ಯಾರೂ ಮನೆಗೆ ಒಯ್ಯಬಾರದೆಂದು ಅಲ್ಲಿ ಕಟ್ಟಪ್ಪಣೆ. ಒಯ್ಯಲು ಬಿಟ್ಟರೆ ಬೇಕೆಂದೇ ಹೆಚ್ಚು ಮಾಡುತ್ತಾರಂತೆ. ಹಾಗಾಗಿ ಪ್ರತಿ ಸಂಜೆ ತಾನು ಬೇಯಿಸಿದ್ದನ್ನು ತಾನೇ ಡ್ರಮ್ಮಿಗೆ ಸುರಿದು, ಯಾರೂ ಎತ್ತಿಕೊಳ್ಳದಂತೆ ಮೇಲೆ ಸೋಪಿನ ನೀರು ಹೊಯ್ಯಬೇಕಿತ್ತು. ಆ ಕೈಗಳು ಅದನ್ನು ಕೊನೆಯವರೆಗೂ ಮರೆಯಲಿಲ್ಲ. ಕೆಲಸ ಬಿಟ್ಟವಳು ಮಾಡಿದ ಮೊದಲ ಕೆಲಸ ಫ್ರೀಜರ್ ತರಿಸಿದ್ದು.

ಅದು ಅಡಿಗೆಮನೆಯ ಬಾಗಿಲಲ್ಲಿ ಹಿಡಿಸಲಿಲ್ಲ. ನಡುಮನೆಯಲ್ಲೇ ನಿಂತಿತು. ಬೆನ್ನಿಗೆ ಗಾಳಿಯಾಡಬೇಕೆಂದು ಗೋಡೆಯಿಂದ ಒಂದು ಗೇಣು ಬಿಡಿಸಿದಳು.

“ಹಾಕು ಸ್ವಿಚ್ಚು, ನೋಡೋಣ,” ಎಂದರು ಅಧ್ಯಕ್ಷರು. ಅಲ್ಲೂ ಹಾಜರಿದ್ದರು.

“ಗಾಡೀಲಿ ಅಡ್ಡ ಮಲಗಿಸ್ಕೊಂಡು ಬಂದಿದಾರೆ. ಮಿಷನ್ನಿನ ಒಳಗಿನ ಎಣ್ಣೆ ಕೆಳಗಿಳೀಲಿ. ದೂರದಿಂದ ಬಂದವರಿಗೆ ಬಂದ ತಕ್ಷಣ ಕೆಲಸ ಹೇಳ್ತಾರಾ?”

“ಇಬ್ಬರಿರೋ ಮನೇಲಿ ಆನೆ ಕಟ್ಟಿದ ಹಾಗಾಯ್ತು.”

“ಆನೆ ನಂದು, ಮೇವೂ ನಂದು. ನೀನು ದೂರ ನಿಂತು ನೋಡು.”

ತಂದ ಬಟಾಣಿ, ಬೀನ್ಸ್ ಎಲ್ಲ ತುಂಬಿದರೂ ಅರ್ಧ ಖಾಲಿ ಉಳಿಯಿತು. ತುಂಬಿದ ಫ್ರೀಜರಿಗಿಂತ ಖಾಲಿಯದಕ್ಕೇ ದುಡಿತ ಹೆಚ್ಚು. ಅತ್ತೆಗೆ ಅದನ್ನು ಸಹಿಸಲಾಗಲಿಲ್ಲ. ಬೀದಿಯವರನ್ನೆಲ್ಲ ಕರೆದಳು. ಒಂದೊಂದು ಮನೆಯ ಗಂಟಿಗೆ ಒಂದೊಂದು ಬಣ್ಣದ ದಾರ. ಸಂತೆಯಲ್ಲಿ ಅಗ್ಗಕ್ಕೆ ಸಿಕ್ಕಿದ್ದು, ಉಳಿದ ಸಾರು, ಬ್ರೆಡ್ಡು, ಎಲ್ಲ ಬಂದು ಸೇರಿದವು. ಈಚೆಗೆ ಎದುರುಮನೆಯ ಬಸ್ ಡ್ರೈವರಮ್ಮನ ಎದೆಹಾಲೂ ಸೇರಿತು. ಹೆತ್ತು ಸ್ವಲ್ಪ ದಿನಕ್ಕೇ ಅವಳು ಸ್ಟಿಯರಿಂಗ್ ಹಿಡಿಯಬೇಕಾಗಿ ಬಂದಿತ್ತು. ಡಬ್ಬಿಹಾಲನ್ನು ಆ ಮಗು ನಾಲಗೆಯಿಂದಲೇ ಹೊರಗೆ ದಬ್ಬುತ್ತಿತ್ತು. ಡಿಪೋದಲ್ಲಿ ಹಿಂಡಿ ತಂದ ಹಾಲಿನ ಪುಟ್ಟ ಚೀಲಗಳನ್ನು ಅತ್ತೆ ಮಟ್ಟಸವಾಗಿ ಮಲಗಿಸಿ, ಹಳೆಯದು ಮೇಲೆ ಹೊಸದು ಕೆಳಗೆ ಬರುವಂತೆ ಜೋಡಿಸಿಡುತ್ತಿದ್ದಳು.

ಮದುವೆಯಾಗಿ ಬಂದ ಹೊಸತರಲ್ಲಿ ಸೊಸೆಗೆ ಆ ಪೆಟ್ಟಿಗೆ ಕಂಡರಾಗುತ್ತಿರಲಿಲ್ಲ. ಈ ಮನೇಲಿ ಅತ್ತೆ ಮಾತು ಕಡಿಮೆ, ಫ್ರೀಜರ್ ಮಾತು ಜಾಸ್ತಿ ಎಂದು ತವರಿನಲ್ಲಿ ಹೇಳಿ ನಗಿಸಿದ್ದಳು. ಆಮೇಲೊಂದು ದಿನ ಒಳಗೋಡೆಯ ಹಿಮ ಬೆರಳುದಪ್ಪವಾಗಿತ್ತು. ಗಂಟುಗಳನ್ನೆಲ್ಲ ಹೊರತೆಗೆದು, ಬೀದಿಯವರಿಂದ ತಂದ ರಜಾಯಿಗಳಲ್ಲಿ ಸುತ್ತಿಟ್ಟು, ಪೆಟ್ಟಿಗೆಯೊಳಗೆ ಬಿಸಿನೀರಿನ ಪಾತ್ರೆಗಳನ್ನಿಟ್ಟು ಕೂತಿದ್ದರು. ಅಧ್ಯಕ್ಷರು ಹಿಮ ಕೀಳಲು ಸ್ಕ್ರೂಡ್ರೈವರ್ ಹಿಡಿದು ಬಂದರು. ಅತ್ತೆ ಅವರ ಕೈಮೇಲೆ ಪಟ್ಟೆಂದು ಹೊಡೆದಳು.

“ಚುಚ್ಚಿದ್ರೆ ಇದರ ಪ್ರಾಣ ಹೋಗುತ್ತೆ. ತಾನಾಗೇ ಬಿಡೋವರೆಗೂ ಕಾಯೋಕಾಗಲ್ವಾ?” ಎಂದು, ಒರೆಸುವ ಬಟ್ಟೆಯನ್ನು ಸೊಸೆಯ ಕೈಗೆ ಕೊಟ್ಟಳು. “ನೀನು ಹಿಡಿ. ನಿಂಗೆ ತಾಳ್ಮೆ ಇದೆ.”

ಅತ್ತೆ ಅವಳನ್ನು ಹೊಗಳಿದ್ದು ಅದೊಂದೇ ಸಲ. ಅವಳಿಗೆ ಅದು ಸಾಕಾಗಿತ್ತು.

*

ಮಧ್ಯಾಹ್ನದ ಹೊತ್ತಿಗೆ ನಡುಮನೆ ತುಂಬಿತು. ಬೀದಿಯವರು ಹೂವಿನ ಜೊತೆಗೆ ಖಾಲಿ ಚೀಲಗಳನ್ನೂ ತಂದಿದ್ದರು. ಹೇಳಿ ಕಳಿಸಿದ್ದರಲ್ಲ, ಬಿಟ್ಟು ಹೋದರೆ ಗುಜರಿಯವನ ಪಾಲು. ಚೀಲ ಹಿಡಿದು ಬಂದದ್ದಕ್ಕೆ ನಾಚಿಕೊಂಡು, ಅದನ್ನು ಬೆನ್ನ ಹಿಂದೆ ಮರೆಮಾಡಿ ನಿಂತಿದ್ದರು.

ಕೈಚಾಚಿದರೆ ಗೋಡೆ ಸಿಗುವ ಆ ಕೋಣೆಗೆ ಅಧ್ಯಕ್ಷರು ಮೈಕು ತರಿಸಿದ್ದರು. “ನಮ್ಮಕ್ಕ ಹಸುವಿನಂಥವಳು,” ಎಂದು ಮೈಕಿನಲ್ಲಿ ಗುಡುಗಿದರು. “ನಾನು ಹಾಕಿದ ಗೆರೆ ಒಂದು ದಿನ ದಾಟಲಿಲ್ಲ. ನನಗೆ ಎದುರಾಡಲಿಲ್ಲ...”

ಸೊಸೆ ತಲೆಯೆತ್ತಿದಳು. ಸುಳ್ಳು ಕೇಳಿ ಅಲ್ಲ. ಮನೆಯಲ್ಲಿ ಏನೋ ನಿಂತುಹೋಗಿತ್ತು. ಫ್ರೀಜರಿನ ಗುಂಯ್‌ಗುಡುವಿಕೆ ಇರಲಿಲ್ಲ. ಅದರ ಪ್ಲಗ್ಗು ನೆಲದ ಮೇಲೆ ಬಿದ್ದಿತ್ತು. ಆ ಜಾಗದಲ್ಲಿ ಮೈಕಿನದು ಕೂತಿತ್ತು. ಮುಚ್ಚಿದ ಫ್ರೀಜರ್ ಒಂದು ಭಾಷಣಕ್ಕೆಲ್ಲ ಕರಗುವುದಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತು. ವಿಷಯ ಅದಲ್ಲ. ಅತ್ತೆಯ ದೇಹದ ಮುಂದೆಯೇ, ಒಂದು ಮಾತೂ ಕೇಳದೆ, ಅತ್ತೆಯದನ್ನು ಕಿತ್ತಿದ್ದರು.

ಎದ್ದು ಹೋಗಿ ಮೈಕಿನ ಪ್ಲಗ್ಗು ಎಳೆದಳು, ಫ್ರೀಜರಿನದು ಚುಚ್ಚಿದಳು.

ಅಧ್ಯಕ್ಷರ ದನಿ ಒಮ್ಮೆಲೇ ಮನುಷ್ಯರ ಅಳತೆಗೆ ಇಳಿಯಿತು. “ಏನಮ್ಮಾ ಇದು? ನಿಂಗೆ ನಾಚಿಕೆ ಆಗಲ್ವಾ?”

“ಇಲ್ಲ. ಅತ್ತೆ ನಿಮಗೆ ದಿನಾ ಎದುರಾಡ್ತಿದ್ರು ಮಾವ. ಅವರನ್ನ ಹೊಗಳೋದಾದ್ರೆ ಅದಕ್ಕೆ ಹೊಗಳಿ. ಗುಜರಿಯವನಿಗೆ ಬರಬೇಡ ಅಂತ ಫೋನ್ ಮಾಡಿ.”

ಅದೇ ಹೊತ್ತಿಗೆ ಡ್ರೈವರಮ್ಮ ಬಂದಳು. ಪಾಳಿ ಮುಗಿಸಿ ಸಮವಸ್ತ್ರದಲ್ಲೇ ಓಡಿಬಂದಿದ್ದಳು. ಕಣ್ಣು ಅತ್ತು ಊದಿದ್ದವು. ಕೈಯಲ್ಲಿ ಹಾಲಿನ ಚೀಲ.

“ಅಕ್ಕಾ, ಇವತ್ತಿಂದು,” ಎಂದಳು ಸೊಸೆಗೆ. “ಎಲ್ಲಿಡಲಿ?”

“ಹೆಣದ ಮುಂದೆ ಇದೇನು?” ಅಧ್ಯಕ್ಷರು ಕೈ ಅಡ್ಡ ಹಿಡಿದರು. “ಇವತ್ತೊಂದು ದಿನ ತರದೇ ಇದ್ರೆ ಆಗ್ತಿರಲಿಲ್ವಾ?”

“ಇವತ್ತು ಬೇಡ ಅಂದ್ರೆ ಹಾಲು ನಿಲ್ಲುತ್ತಾ ಸ್ವಾಮಿ?”

ಯಾರೋ ಹೆಂಗಸು ಕಿಸಕ್ಕೆಂದು ನಕ್ಕು ಬಾಯಿ ಮುಚ್ಚಿಕೊಂಡಳು. ಅಧ್ಯಕ್ಷರು ಜಗ್ಗಲಿಲ್ಲ. ಮಂಚ ಫ್ರೀಜರಿಗೆ ಅಂಟಿಕೊಂಡಂತಿದ್ದುದನ್ನು ತೋರಿಸಿದರು. “ಎಲ್ಲಿಂದ ತೆಗೀತೀರಾ ಮುಚ್ಚಳ? ಸತ್ತವಳ ಮೈಮೇಲೆ ಬಗ್ಗಿ?”

ಆಗ ಮಗ ಗೋಡೆ ಬಿಟ್ಟು ಬಂದ. ಮಾವನ ಕಡೆ ನೋಡಲಿಲ್ಲ. ಮಂಚದ ತಲೆದೆಸೆಗೆ ನಿಂತು ಹೆಂಡತಿಗೆ ಹೇಳಿದ: “ನೀನು ಕಾಲ ಕಡೆ ಹಿಡಿ.”

ಆಮೇಲೆ ಬಗ್ಗಿ, ದಿನವೂ ಹೇಳುವ ದನಿಯಲ್ಲೇ ಹೇಳಿದ: “ಅಮ್ಮಾ, ಸ್ವಲ್ಪ ಸರಿ.”

ಇಬ್ಬರೂ ಮಂಚವನ್ನು ಎತ್ತಿ, ಒಬ್ಬಳು ನಿಲ್ಲುವಷ್ಟು ಜಾಗ ಬಿಟ್ಟು ಇಳಿಸಿದರು. ಸೊಸೆ ಮುಚ್ಚಳ ತೆರೆದಳು. ತಣ್ಣನೆಯ ಹೊಗೆ ಅಂಚು ದಾಟಿ ಮಂಚದ ಮೇಲೂ ಹರಿಯಿತು. ಡ್ರೈವರಮ್ಮ ಆ ಸಂದಿಯಲ್ಲಿ ನಿಂತು, ಹಳೆಯ ಚೀಲಗಳನ್ನೆತ್ತಿ, ಹೊಸದನ್ನು ಅಡಿಯಲ್ಲಿ ಮಟ್ಟಸವಾಗಿ ಮಲಗಿಸಿದಳು. ಅವಳ ಹಿಂದೆ ನಿಂತಿದ್ದವರು ತಮ್ಮ ಖಾಲಿ ಚೀಲಗಳನ್ನು ಒಬ್ಬೊಬ್ಬರಾಗಿ ಮಡಚಿ ಕಂಕುಳಲ್ಲಿ ಇಟ್ಟುಕೊಂಡರು.